ಲವೀನಿಯಾ ಅಮ್ಮನವರ ಮುಳ್ಳುಹಂಬು

ಇಂಗ್ಲೆಂಡಿನ ನಮ್ಮ ಆರ್ನಲ್ ಊರಿನಲ್ಲಿ ಮುಳ್ಳುಹಂಬಿಗೆ ಮುಳ್ಳುಹಂಬು ಎನ್ನುತ್ತಾರೆ. ಬೇಲಿಯಲ್ಲಿ ತಾನಾಗಿ ಹುಟ್ಟುತ್ತದೆ, ಹಾದುಹೋಗುವವರ ಬಟ್ಟೆ ಹಿಡಿದು ಎಳೆಯುತ್ತದೆ, ಬೇಸಿಗೆ ಮುಗಿಯುವ ಹೊತ್ತಿಗೆ ಕಪ್ಪುಹಣ್ಣು ಬಿಡುತ್ತದೆ. ಹೆಂಗಸರು ಹಣ್ಣು ಬಿಡಿಸಿ ತಂದು ಸಕ್ಕರೆ ಹಾಕಿ ಕುದಿಸಿ ಜಾಮ್ ಮಾಡುತ್ತಾರೆ. ಸೆಪ್ಟೆಂಬರ್ ಕೊನೆಗೆ ಬರುವ ಸಂತ ಮೈಕೇಲನ ಹಬ್ಬ ಕಳೆದ ಮೇಲೆ ಸೈತಾನ ಬಂದು ಹಣ್ಣಿನ ಮೇಲೆ ಉಗುಳುತ್ತಾನೆಂದು ಆಮೇಲೆ ಯಾರೂ ಮುಟ್ಟುವುದಿಲ್ಲ. ಈ ಗಿಡದ ಬಗ್ಗೆ ಇಷ್ಟು ತಿಳಿದುಕೊಂಡೇ ನಮ್ಮ ಹಿರಿಯರೆಲ್ಲ ಬದುಕಿ ಮುಗಿಸಿ ಚರ್ಚಿನ ಹಿಂದೆ ಮಲಗಿದ್ದಾರೆ. ಈಗ ಅವರ ಮೇಲೂ ಅದೇ ಹಂಬು ಹಬ್ಬಿದೆ.

ಗಾಡ್ಸಾಲ್ ಪಾದ್ರಿಗಳು ನಮ್ಮ ಊರಿಗೆ ಬಂದ ಮೇಲೆ ಅದು ಒಂದಲ್ಲ, ನಲವತ್ತು ಎಂದು ಗೊತ್ತಾಯಿತು.

ಪಾದ್ರಿಗಳು ಒಳ್ಳೆಯವರು. ಆದರೆ ಒಂದು ವಸ್ತುವನ್ನು ಒಂದು ಎಂದು ನೋಡುವುದು ಅವರ ಕಣ್ಣಿಗೆ ಸಾಧ್ಯವೇ ಇರಲಿಲ್ಲ. ಹೆಗಲಿಗೆ ತಗಡಿನ ಡಬ್ಬಿ, ಕೈಯಲ್ಲಿ ಭೂತಗನ್ನಡಿ ಹಿಡಿದು ಬೇಲಿಯಿಂದ ಬೇಲಿಗೆ ಹೋಗುತ್ತಿದ್ದರು. ಒಂದು ಹಂಬಿನ ಮುಳ್ಳು ನೆಟ್ಟಗಿದ್ದರೆ ಇನ್ನೊಂದರದು ಕೊಂಚ ಬಾಗಿರುತ್ತಿತ್ತು. ಒಂದರ ಎಲೆಯ ಅಡಿ ಬೆಳ್ಳಗಿದ್ದರೆ ಇನ್ನೊಂದರದು ಬೂದು. ಅಷ್ಟು ಸಾಕು, ಹೆಸರು ಬೇರೆಯಾಗುತ್ತಿತ್ತು. ಭಾನುವಾರದ ಬೋಧನೆಯೂ ಹಾಗೆಯೇ. ಕರುಣೆಯಲ್ಲಿ ಏಳು ಬಗೆ ಎಂದು ಶುರುಮಾಡಿದರೆ ನಾಲ್ಕನೆಯ ಬಗೆಯ ಹೊತ್ತಿಗೆ ಹಿಂದಿನ ಬೆಂಚಿನವರಿಗೆಲ್ಲ ಒಂದೇ ಬಗೆಯ ನಿದ್ದೆ ಬಂದಿರುತ್ತಿತ್ತು. ನಾನು ಅವರನ್ನು ನೋಡಿ ನಗುವಂತಿಲ್ಲ ಎನ್ನಿ. ನನ್ನ ಹಟ್ಟಿಯ ಕುರಿಗಳನ್ನು ಒಂದೊಂದಾಗಿ ಮುಖ ನೋಡಿಯೇ ಹೇಳಬಲ್ಲೆ. ಪಾದ್ರಿಗಳು ನಾಲ್ಕು ಜನ ಒಟ್ಟಿಗೆ ನಿಂತರೆ ಮಾತ್ರ ಯಾರು ಯಾರೆಂದು ತಿಳಿಯುವುದಿಲ್ಲ.

ಇವರ ಜೀವದ ಗೆಳೆಯ ಪ್ರೋಬರ್ಟ್ ಡಾಕ್ಟರು. ಪೇಟೆಯಲ್ಲಿ ಅವರ ಮನೆ, ಸುತ್ತಲಿನ ಹಳ್ಳಿಗಳಿಗೆಲ್ಲ ಅವರದೇ ಮದ್ದು. ಡಾಕ್ಟರಿಗೆ ಲೋಕದಲ್ಲಿ ಎರಡೇ ರೋಗ: ತಾನಾಗಿ ಹೋಗುವುದು, ಹೋಗದೆ ಇರುವುದು. ಮುಳ್ಳುಹಂಬಿನಲ್ಲಂತೂ ಅವರು ಎರಡಕ್ಕೂ ಒಪ್ಪುತ್ತಿರಲಿಲ್ಲ. ಒಂದೇ ಗಿಡ; ನೆಲ ಬದಲಾದರೆ, ಬಿಸಿಲು ಬದಲಾದರೆ ವೇಷ ಬದಲಿಸುತ್ತದೆ, ಪಾದ್ರಿಗಳು ಪಾಪ ಪ್ರತಿ ವೇಷಕ್ಕೂ ಟೋಪಿ ತೆಗೆದು ನಮಸ್ಕಾರ ಹೇಳುತ್ತಾರೆ ಎನ್ನುತ್ತಿದ್ದರು. ಗುರುವಾರ ಗುರುವಾರ ಪಾದ್ರಿಗಳ ಮನೆಯಲ್ಲಿ ಡಾಕ್ಟರಿಗೆ ರಾತ್ರಿಯೂಟ. ನಾನು ಚರ್ಚಿನ ವಾರ್ಡನ್ ಆದ್ದರಿಂದ ನನಗೂ ಒಂದು ಕುರ್ಚಿ ಇರುತ್ತಿತ್ತು. ವರ್ಷಗಟ್ಟಲೆ ಅದೇ ಜಗಳ ಕೇಳಿದ್ದೇನೆ, ಅದೇ ಕುರಿಮಾಂಸ ತಿಂದಿದ್ದೇನೆ.

“ದೇವರಿಗೇ ಕೊನೇ ದಿನ ಎರಡು ಗುಂಪು ಸಾಕಂತೆ, ಕುರಿ ಒಂದು ಕಡೆ, ಮೇಕೆ ಒಂದು ಕಡೆ,” ಎಂದು ಡಾಕ್ಟರು ಒಮ್ಮೆ ಹೇಳಿದ್ದರು. “ನಿಮಗೆ ನಲವತ್ತು ಬೇಕು. ಅಲ್ಲ ಗಾಡ್ಸಾಲ್, ಆ ಸೈತಾನ ಉಗುಳೋಕೆ ಬಂದಾಗ ನಲವತ್ತನ್ನೂ ವಿಚಾರಿಸಿಕೊಂಡು ಉಗೀತಾನಾ?”

“ನೀವು ಸ್ವರ್ಗಕ್ಕೆ ಹೋದ್ರೆ ಅಲ್ಲಿ ಎಲ್ಲರನ್ನೂ ಏ ಮನುಷ್ಯ ಅಂತಲೇ ಕರೀತೀರಿ ಬಿಡಿ,” ಎಂದು ಪಾದ್ರಿಗಳು ಆಲೂಗಡ್ಡೆ ಬಡಿಸಿಕೊಂಡಿದ್ದರು.

ಇವರಿಬ್ಬರ ನಡುವೆ ಕೂತು ಬಡಿಸುತ್ತಿದ್ದವರು ಪಾದ್ರಿಗಳ ಹೆಂಡತಿ ಲವೀನಿಯಾ ಅಮ್ಮನವರು. ಎತ್ತರದ ಹೆಂಗಸು, ಮಾತು ಕಡಿಮೆ, ಆಡಿದರೆ ಚುರುಕು. ಅವರಿಗೆ ಒಂದು ಕೊರಗಿತ್ತು. ಊರಿಗೆಲ್ಲ ಗೊತ್ತಿದ್ದ ಆ ಕೊರಗು ಅವರ ಗಂಡನಿಗೆ ಮಾತ್ರ ಗೊತ್ತಿರಲಿಲ್ಲ. ಪಾದ್ರಿಗಳು ಹೊಸದಾಗಿ ಗುರುತಿಸಿದ ಹಂಬುಗಳಲ್ಲಿ ಒಂದಕ್ಕೆ ಬಿಷಪ್ಪರ ಹೆಸರಿಟ್ಟಿದ್ದರು. ಇನ್ನೊಂದಕ್ಕೆ ತೀರಿಹೋದ ಒಬ್ಬ ಗೆಳೆಯನ ಹೆಸರು, ಮತ್ತೊಂದಕ್ಕೆ ರೈಲು ನಿಲ್ದಾಣದ ಹೆಸರು, ಅದು ಸಿಕ್ಕಿದ್ದು ಅಲ್ಲಿ ಗಾಡಿ ತಪ್ಪಿದ ದಿನ. ಬಿಷಪ್ಪರ ಹಂಬಿನ ಕಾಂಡದ ತುಂಬ ರೋಮ, ಬಿಷಪ್ಪರದು ಬೋಳುತಲೆ. ಅವರು ಅದನ್ನು ಗೌರವವೆಂದೇ ತೆಗೆದುಕೊಂಡರು. ಮಳೆಯಲ್ಲಿ ನೆನೆದ ಬೂಟು ಒಣಗಿಸಿದವರ, ಮುಳ್ಳು ಹರಿದ ಕೋಟಿಗೆ ತೇಪೆ ಹಾಕಿದವರ, ಇಸ್ತ್ರಿ ಮಾಡಿದ ಬಟ್ಟೆಗಳ ಅಡಿಯಿಂದ ಒಣಗಿದ ಎಲೆ ಎತ್ತಿಡುತ್ತಿದ್ದವರ ಹೆಸರು ಮಾತ್ರ ಯಾವ ಹಂಬಿಗೂ ಬಂದಿರಲಿಲ್ಲ. ಅಮ್ಮನವರು ಅದನ್ನು ಯಾವತ್ತೂ ಕೇಳಿದವರಲ್ಲ. ಕೇಳಿ ಪಡೆಯುವುದಾದರೆ ರೈಲು ನಿಲ್ದಾಣದ ಸಾಲಿಗೆ ಸೇರಿದ ಹಾಗಾಯಿತು ಎಂದು ಒಮ್ಮೆ ನನ್ನ ಹೆಂಡತಿಯ ಹತ್ತಿರ ಅಂದಿದ್ದರಂತೆ.

ಆ ವರ್ಷ ಜುಲೈನಲ್ಲಿ ನನ್ನ ಕೆಳಗಿನ ಹೊಲದ ಬೇಲಿಯಲ್ಲಿ, ಗೇಟಿನ ಪಕ್ಕದ ಹಳ್ಳದ ಮೇಲೆ, ಪಾದ್ರಿಗಳಿಗೆ ಹೊಸದೊಂದು ಸಿಕ್ಕಿತು. ಓಡುತ್ತಾ ಮನೆಗೆ ಹೋದರಂತೆ. ಕಾಂಡ ನೋಡಿದರೆ ಬಿಷಪ್ಪರ ಹಂಬಿನ ಹಾಗೇ ರೋಮದ ಕಾಂಡ, ಹೂವು ನೋಡಿದರೆ ಪೂರ್ತಿ ಬೇರೆ, ಗುಲಾಬಿ ಬಣ್ಣದ ಅಗಲ ಹೂವು. ಇಂಥ ಜೋಡಿ ಇಂಗ್ಲೆಂಡಿನಲ್ಲಿ ಯಾರೂ ಕಂಡಿಲ್ಲ. ಆ ಗುರುವಾರ ಊಟದ ನಡುವೆ ಎದ್ದುನಿಂತು, ಇದರ ಹೆಸರು ರೂಬಸ್ ಲವೀನಿಯೇ, ಅಂದರೆ ಲವೀನಿಯಾಳ ಮುಳ್ಳುಹಂಬು ಎಂದು ಹೇಳಿದರು.

ಅಮ್ಮನವರು ಸಾರಿನ ಸೌಟು ಹಿಡಿದೇ ಕೂತರು. ಆ ಲ್ಯಾಟಿನ್ ಮಾತನ್ನು ಹೇಗೆ ಉಚ್ಚರಿಸುವುದು, ಕೊನೆಯಲ್ಲಿ ಎಳೆಯಬೇಕೋ ಬೇಡವೋ ಎಂದು ಕೇಳಿದರು. ಪಾದ್ರಿಗಳು ಹೇಳಿಕೊಟ್ಟರು. ಆಮೇಲೆ ಅದರ ಲಕ್ಷಣಗಳನ್ನು ಓದಿದರು: ನಿಲುವು ಎತ್ತರ, ಮುಳ್ಳು ವಿರಳ ಆದರೆ ತೀಕ್ಷ್ಣ, ಹೂ ಬಿಡುವುದು ತಡ, ಹಣ್ಣು ಕೊಂಚ ಹುಳಿ.

“ಇದು ಗಿಡದ ವಿಷಯವೇ ತಾನೇ?” ಎಂದರು ಡಾಕ್ಟರು.

“ನಿಮಗೆ ಎಲ್ಲಾ ಒಂದೇ ಅಲ್ವಾ ಡಾಕ್ಟರೇ, ಹೇಗಾದ್ರೂ ತಗೊಳ್ಳಿ,” ಎಂದು ಅಮ್ಮನವರು ಅವರ ತಟ್ಟೆಗೆ ಕೊಬ್ಬಿನ ತುಂಡನ್ನೇ ಹಾಕಿದರು. ಆದರೆ ಅವತ್ತು ಅವರ ಮುಖ ಕೆಂಪಾಗಿತ್ತು. ಮರುದಿನ ಬೆಳಿಗ್ಗೆ ನಾನು ಹಾಲು ಕೊಡಲು ಹೋದಾಗ ಅಡಿಗೆಮನೆಯಲ್ಲಿ ಒಬ್ಬರೇ ನಿಂತು ಆ ಹೆಸರನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಬೆಕ್ಕನ್ನು ಕರೆದ ಹಾಗೆ ಮಾಡಿದರು. ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಮುಳ್ಳುಹಂಬು ಹುಡುಕುವವರದೇ ಒಂದು ಕೂಟವಿದೆ, ಹೆಚ್ಚಿನವರು ಪಾದ್ರಿಗಳೇ. ಹೊಸ ಹಂಬು ಸಿಕ್ಕವರು ಅದರ ತುಂಡುಗಳನ್ನು ಒತ್ತಿ ಒಣಗಿಸಿ, ಹಾಳೆಗೆ ಅಂಟಿಸಿ ಉಳಿದವರಿಗೆಲ್ಲ ಕಳಿಸಬೇಕು. ಇಲ್ಲೊಂದು ತೊಡಕಿದೆ. ಮುಳ್ಳುಹಂಬಿನಲ್ಲಿ ಈ ವರ್ಷದ ಕಾಂಡಕ್ಕೆ ಹೂವಿಲ್ಲ, ಹೋದ ವರ್ಷದ ಕಾಂಡಕ್ಕೆ ಮಾತ್ರ ಹೂವು. ಹಾಗಾಗಿ ಪ್ರತಿ ಹಾಳೆಯಲ್ಲೂ ಎರಡು ತುಂಡು ಬೇಕು, ಒಂದು ಎಳೆಯ ಕಾಂಡ, ಒಂದು ಹೂಗೊಂಚಲು. ಎರಡೂ ಒಂದೇ ಬುಡದ್ದಾಗಿರಬೇಕು. ಒಂದು ಬುಡದ ಕಾಂಡಕ್ಕೆ ಇನ್ನೊಂದು ಬುಡದ ಹೂವು ಸೇರಿಸಿ ಕಳಿಸಿದರೆ ಅದಕ್ಕೆ ಅವರ ಕೂಟದಲ್ಲಿ ಬೆರಕೆ ಎನ್ನುತ್ತಾರೆ. ಅದಕ್ಕಿಂತ ಕೆಟ್ಟ ಬೈಗುಳ ಅವರಲ್ಲಿಲ್ಲ. ಹಿಂದೊಮ್ಮೆ ಯಾರೋ ಎಳೆಯ ಪಾದ್ರಿಯೊಬ್ಬ ಹೀಗೆ ಮಾಡಿದಾಗ ಅದನ್ನು ಹಿಡಿದು, ಎಲ್ಲರಿಗೂ ಕಾಣುವಂತೆ ಬರೆದವರು ನಮ್ಮ ಗಾಡ್ಸಾಲ್ ಅವರೇ. ಆ ಹುಡುಗ ಮುಳ್ಳುಹಂಬು ಬಿಟ್ಟು ಪಾಚಿ ಹುಡುಕಲು ಹೋದನಂತೆ.

ಆಗಸ್ಟ್ ಕೊನೆಯ ಹೊತ್ತಿಗೆ ಹಾಳೆಗಳೆಲ್ಲ ತಯಾರಾಗಿದ್ದವು. ಸೋಮವಾರ ಅಂಚೆಗೆ ಹಾಕುವುದೆಂದಾಯಿತು. ಅದಕ್ಕೆ ಮುಂಚಿನ ಗುರುವಾರ ಮಧ್ಯಾಹ್ನ ಡಾಕ್ಟರು ನನ್ನ ಹೊಲದ ಕಡೆ ಬಂದರು. ಲವೀನಿಯಾ ಹಂಬಿನ ಹಣ್ಣು ತಿಂದು ನೋಡಿ, ಅದು ಉಳಿದೆಲ್ಲ ಹಣ್ಣಿನ ಹಾಗೇ ಇದೆ ಎಂದು ರಾತ್ರಿ ಊಟದಲ್ಲಿ ಕೆಣಕುವುದು ಅವರ ಉಪಾಯ. ಗೇಟಿನ ಕಂಬಿ ಹತ್ತಿ, ಹಳ್ಳದ ಮೇಲೆ ಬಗ್ಗಿ, ಎಲ್ಲಕ್ಕಿಂತ ಕಪ್ಪಗಿದ್ದ ಹಣ್ಣಿಗೆ ಕೈ ಚಾಚಿದ್ದಾರೆ. ಕಂಬಿ ಹಳೆಯದು. ಡಾಕ್ಟರು ದಪ್ಪ.

ನಾನು ಹಸು ಹೊಡೆದುಕೊಂಡು ಆ ಕಡೆ ಹೋದಾಗ ಬೇಲಿಯೊಳಗಿಂದ ಬೂಟುಗಳು ಮಾತಾಡುತ್ತಿದ್ದವು. ಹತ್ತಿರ ಹೋಗಿ ನೋಡಿದರೆ ಡಾಕ್ಟರ ಟೋಪಿ ಒಂದು ಹಂಬಿನ ತುದಿಯಲ್ಲಿ ತೂಗುತ್ತಿತ್ತು, ಕೋಟು ಬೆನ್ನಿನಿಂದ ಮೇಲೆದ್ದಿತ್ತು, ಗಡ್ಡವನ್ನೂ ಒಂದು ಹಂಬು ಹಿಡಿದಿತ್ತು. ಬೇಲಿ ಕಡಿಯುವ ಕತ್ತಿ ನನ್ನ ಸೊಂಟದಲ್ಲೇ ಇತ್ತು. ತೆಗೆದೆ.

“ಲಿಲ್ವಾಲ್, ಕತ್ತಿ ಒಳಗಿಡಪ್ಪ,” ಎಂದು ಡಾಕ್ಟರು ಒಳಗಿನಿಂದ ಹೇಳಿದರು. “ಇದು ಲವೀನಿಯಾ ಅವರ ಗಿಡ. ಕಡಿದ್ರೆ ನಂಗೆ ಈ ಜನ್ಮದಲ್ಲಿ ಊಟ ಸಿಗಲ್ಲ.”

ಕಡಿಯದೆ ಬಿಡಿಸಬೇಕಾದರೆ ಒಂದೇ ದಾರಿ. ಯಾವ ಹಂಬು ಎಲ್ಲಿ ಹಿಡಿದಿದೆ, ಅದು ಎಲ್ಲಿಂದ ಬಂದಿದೆ ಎಂದು ಬುಡದವರೆಗೆ ನೋಡಿಕೊಂಡು ಒಂದೊಂದಾಗಿ ಸಡಿಲಿಸಬೇಕು. ತಪ್ಪಿದ್ದನ್ನು ಎಳೆದರೆ ಇನ್ನೊಂದು ಬಿಗಿಯುತ್ತದೆ. ನಾನು ಮೇಲಿನಿಂದ ಎತ್ತಿಹಿಡಿದೆ, ಡಾಕ್ಟರು ಕೆಳಗಿನಿಂದ ಹೇಳುತ್ತಾ ಹೋದರು. ಗಡ್ಡದ್ದು ಬೇಲಿಯ ಹಳೆಯ ಮರದ ಮೋಟಿನ ಕಡೆಯಿಂದ ಬಂದದ್ದು, ರೋಮದ್ದು. ಬೆನ್ನಿನದ್ದು ಗೇಟಿನ ಕಂಬದ ಕಡೆಯದು, ನುಣುಪಾದದ್ದು, ಹೂವಿನದ್ದು. ತೊಡೆಯದ್ದು ರೋಮದ್ದು, ಮೋಟಿನ ಕಡೆ. ಟೋಪಿಯದ್ದು ನುಣುಪು, ಕಂಬದ ಕಡೆ. ಹೀಗೆ ಬಹಳ ಹೊತ್ತು ನಡೆಯಿತು. ಹಸು ಬೇಸರಪಟ್ಟು ತಾನೇ ಮನೆಗೆ ಹೋಯಿತು.

ಇನ್ನೇನು ಎಲ್ಲ ಬಿಟ್ಟುಕೊಂಡಿತು ಎನ್ನುವಾಗ ಡಾಕ್ಟರು ಹೊರಗೆ ಬರಲಿಲ್ಲ. ಮಂಡಿಯೂರಿ ಮತ್ತೆ ಒಳಗೇ ತಲೆ ಹಾಕಿದರು. ಮೋಟಿನ ಕಡೆಯ ಬುಡ ಹಿಡಿದು ನೋಡಿದರು, ಕಂಬದ ಕಡೆಯ ಬುಡ ಹಿಡಿದು ನೋಡಿದರು, ಎರಡರ ಹಣ್ಣನ್ನೂ ಕಿತ್ತು ತಿಂದು ನೋಡಿದರು. ರೋಮದ ಎಳೆಯ ಕಾಂಡಗಳೆಲ್ಲ ಈ ಬುಡದವು. ಗುಲಾಬಿ ಹೂವಿನವೆಲ್ಲ ಆ ಬುಡದವು. ಬೇಲಿಯ ನಡುವೆ ಎರಡೂ ಹೆಣೆದುಕೊಂಡು ಒಂದೇ ಪೊದೆಯ ಹಾಗೆ ಕಾಣುತ್ತಿದ್ದವು.

“ಏನು ಡಾಕ್ಟರೇ, ಎರಡು ಗಿಡ ಇರೋ ಹಾಗಿದೆ,” ಎಂದೆ.

“ಎರಡು ಅಂತ ನಾನು ಅಂದ್ನಾ?” ಎಂದರು. ಹುಲ್ಲಿನ ಮೇಲೆ ಕೂತು ಗಡ್ಡ ಸವರಿಕೊಂಡರು. “ಎರಡು ಬುಡ ಇರೋ ಒಂದು ಗಿಡ.”

ಅದೂ ಸರಿ ಕಾಣಲಿಲ್ಲವೆಂಬಂತೆ ತಲೆ ಅಲ್ಲಾಡಿಸಿದರು. ಅವರ ಕಷ್ಟ ನನಗೆ ಕಾಣುತ್ತಿತ್ತು. ಹೇಳದೆ ಇದ್ದರೆ ಸೋಮವಾರ ಹಾಳೆಗಳು ಹೋಗುತ್ತವೆ, ಯಾರೋ ಒಬ್ಬ ಕಣ್ಣುಳ್ಳವನು ಬೆರಕೆ ಎನ್ನುತ್ತಾನೆ, ಆ ಬೆರಕೆಯ ಮೇಲೆ ಲವೀನಿಯಾ ಎಂದು ಬರೆದಿರುತ್ತದೆ. ಹೇಳಿದರೆ ಆ ಹೆಂಗಸಿಗೆ ಇಷ್ಟು ವರ್ಷಕ್ಕೆ ಬಂದ ಒಂದೇ ಒಂದು ಹೆಸರು ಹೋಗುತ್ತದೆ. ಹೇಳುವುದಾದರೂ ಹೇಗೆ? ಈ ಎರಡು ಹಂಬು ಬೇರೆ ಬೇರೆ ಎಂದು ಪ್ರೋಬರ್ಟ್ ಡಾಕ್ಟರ ಬಾಯಲ್ಲೇ ಬರಬೇಕು.

ಮೊದಲು ಅಮ್ಮನವರಿಗೆ ಹೇಳೋಣ ಎಂದರು. ನನ್ನನ್ನೂ ಜೊತೆಗೆ ಎಳೆದುಕೊಂಡು ಹೋದರು, ಸಾಕ್ಷಿಗೋ ಧೈರ್ಯಕ್ಕೋ ಗೊತ್ತಿಲ್ಲ. ಪಾದ್ರಿಗಳು ಯಾವುದೋ ಮಗುವಿನ ನಾಮಕರಣಕ್ಕೆ ಹೋಗಿದ್ದರು. ಅಮ್ಮನವರು ಒಲೆಯ ಮುಂದೆ ನಿಂತು ಜಾಮ್ ತಿರುವುತ್ತಿದ್ದರು. ನನ್ನ ಆ ಬೇಲಿಯದೇ ಹಣ್ಣು. ಬೆಳಿಗ್ಗೆ ನನ್ನ ಹೆಂಡತಿ ಕೊಟ್ಟುಬಂದಿದ್ದಳು. ಡಾಕ್ಟರು ಸಾವಿನ ಮನೆಯಲ್ಲಿ ಆಡುವ ದನಿಯಲ್ಲಿ, ಸುತ್ತಿ ಬಳಸಿ, ಮೋಟು, ಕಂಬ, ಗಡ್ಡ ಎಲ್ಲ ವಿವರಿಸಿದರು. ಅಮ್ಮನವರ ಕೈ ನಿಲ್ಲಲಿಲ್ಲ. ಸೌಟು ಒಂದೇ ಸಮನೆ ಸುತ್ತುತ್ತಿತ್ತು.

“ಅಂದ್ರೆ ಕಾಲು ಒಬ್ಬರದ್ದು, ತಲೆ ಇನ್ನೊಬ್ಬರದ್ದು,” ಎಂದರು ಕೊನೆಗೆ.

“ಹಾಗೇ ಅನ್ನಬಹುದು.”

“ಆ ರೋಮದ ಕಾಲು ಬಿಷಪ್ಪರದ್ದೇ ಇರಬೇಕು ಹಾಗಾದ್ರೆ.”

ಅಮ್ಮನವರು ಜಾಮಿನ ಒಂದು ಹನಿಯನ್ನು ತಣ್ಣನೆಯ ತಟ್ಟೆಗೆ ಹಾಕಿ, ಬೆರಳಿನಿಂದ ಸರಿಸಿ, ಹದ ಬಂತೇ ಎಂದು ನೋಡಿದರು. ಹಾಗೆ ನೋಡುತ್ತಾ ಸುಮಾರು ಹೊತ್ತು ನಿಂತರು. ಒಂದು ಹನಿ ನೋಡಲು ಅಷ್ಟು ಹೊತ್ತು ಬೇಡ.

ಆಮೇಲೆ, ಇದನ್ನು ಇವತ್ತೇ ಅವರಿಗೆ ಹೇಳಿಬಿಡಿ ಎಂದರು. ನೀವು ಕಡಿಮೆ ಮಾಡಿ ಹೇಳಬೇಡಿ, ಅವರಿಗೆ ಸಂಶಯ ಉಳಿದರೆ ಇನ್ನೂ ಕಷ್ಟ. “ಆದ್ರೆ ಊಟ ಆದ್ಮೇಲೆ ಹೇಳಿ ಡಾಕ್ಟರೇ. ಮುಂಚೆ ಹೇಳಿದ್ರೆ ಮಾಂಸ ತಣ್ಣಗಾಗುತ್ತೆ.”

“ನಿಮಗೆ ಬೇಜಾರಾಗಲ್ವಾ?”

“ಆಗುತ್ತೆ,” ಎಂದರು ಅಮ್ಮನವರು. “ಅದಕ್ಕೇ ಊಟ ಆದ್ಮೇಲೆ ಅಂದಿದ್ದು.”

ಊಟವಾಯಿತು. ತಟ್ಟೆ ಎತ್ತಿದರು. ಡಾಕ್ಟರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಪಾದ್ರಿಗಳ ಮುಖ ಬಿಳುಚಿತು. ಇರಲಿಕ್ಕಿಲ್ಲ ಎಂದರು, ಕೈಯಲ್ಲಿದ್ದ ಕರವಸ್ತ್ರವನ್ನು ಮಡಿಸಿ ಬಿಚ್ಚಿ ಮಡಿಸಿದರು. ತಾವು ಕೊಯ್ದ ಕಾಂಡ ಯಾವ ಕಡೆಯಿಂದ ಬಂತು ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಹಳ್ಳದ ಕಡೆಯಿಂದ ಹೂವು ಕೊಯ್ದದ್ದು, ಹೊಲದ ಕಡೆಯಿಂದ ಕಾಂಡ ಕೊಯ್ದದ್ದು ನೆನಪಿಗೆ ಬಂದಿರಬೇಕು. ಆ ಎಳೆಯ ಪಾದ್ರಿಯೂ ನೆನಪಿಗೆ ಬಂದಿರಬೇಕು. ಪಾಪ ಆ ಹುಡುಗ ಎಂದರು.

ಆಮೇಲೆ ಪಾದ್ರಿಗಳು ಮೆಲ್ಲಗೆ ತಲೆಯೆತ್ತಿದರು.

“ಮೋಟಿನ ಕಡೆಯದಕ್ಕೆ ರೋಮ ಇತ್ತು ಅಂದ್ರಿ. ಒಂಟಿ ರೋಮವೋ, ಗುಂಪಾಗಿತ್ತೋ?”

“ಗುಂಪು. ಗಡ್ಡಕ್ಕೆ ಹಿಡಿದಿತ್ತಲ್ಲ, ಹತ್ತಿರದಿಂದ ನೋಡಿದ್ದೀನಿ.”

“ಕಂಬದ ಕಡೆಯದಕ್ಕೆ?”

“ನುಣುಪು. ಕೊಂಚ ಕೆಂಪು. ಮುಳ್ಳು ಬುಡದಲ್ಲಿ ಅಗಲ, ತುದಿ ಕೆಳಕ್ಕೆ ಬಾಗಿದೆ. ಎಲೆ ಅಡಿಯಲ್ಲಿ ಬಿಳುಪು.”

“ಹಣ್ಣು?”

“ಮೋಟಿನ ಕಡೆಯದು ಹುಳಿ, ದೊಡ್ಡ ಬೀಜ. ಕಂಬದ ಕಡೆಯದು ಸಿಹಿ.” ಡಾಕ್ಟರು ಒಳ್ಳೆಯ ಓಟದಲ್ಲಿದ್ದರು. “ಕಣ್ಣು ಮುಚ್ಚಿ ಹೇಳಬಹುದು.”

ಪಾದ್ರಿಗಳು ಮೇಜಿನ ಮೇಲೆ ಎರಡೂ ಕೈ ಊರಿದರು. “ಪ್ರೋಬರ್ಟ್, ಹಾಗಾದ್ರೆ ಅವು ಬೇರೆ ಬೇರೆ.”

ಡಾಕ್ಟರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತಿತು. ನನ್ನ ಕಡೆ ನೋಡಿದರು. ನಾನು ಉಪ್ಪಿನ ಬಟ್ಟಲು ನೋಡಿದೆ.

“ಆ ಮಟ್ಟಿಗೆ,” ಎಂದರು.

ಪಾದ್ರಿಗಳು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಕಣ್ಣಿನಲ್ಲಿ ನೀರು ಬಂತು, ಕುರ್ಚಿ ಕಿರುಗುಟ್ಟಿತು. ಹಂಬು ಹೋಯಿತು, ಮಾನ ಅರ್ಧ ಹೋಯಿತು, ಆದರೆ ಇಷ್ಟು ಗುರುವಾರಗಳ ಜಗಳ ಗೆದ್ದಿದ್ದರು. ಡಾಕ್ಟರನ್ನು ಆ ಮಾತು ಇನ್ನೊಮ್ಮೆ ಹೇಳಿ ಎಂದು ಪೀಡಿಸಿದರು. ನಗುತ್ತಾ ನಗುತ್ತಾ ಹೆಂಡತಿಯ ಕಡೆ ತಿರುಗಿದರು. ಆಗ ನಗು ಅರ್ಧಕ್ಕೆ ನಿಂತಿತು.

ಅಮ್ಮನವರು ಮೇಜಿನ ಬಟ್ಟೆಯ ಮೇಲಿನ ರೊಟ್ಟಿಯ ಚೂರುಗಳನ್ನು ಅಂಗೈಗೆ ಒಟ್ಟುಮಾಡಿಕೊಳ್ಳುತ್ತಿದ್ದರು.

“ಲವೀನಿಯಾ,” ಎಂದರು ಪಾದ್ರಿಗಳು.

“ಪರವಾಗಿಲ್ಲ ಬಿಡಿ. ಬಿಷಪ್ಪರ ಕಾಲ ಮೇಲೆ ನಿಂತಿರೋದು ನಂಗೂ ಕಷ್ಟವೇ ಇತ್ತು.”

ಪಾದ್ರಿಗಳು ನಗಲಿಲ್ಲ. ಇನ್ನೊಂದನ್ನು ಹುಡುಕುತ್ತೇನೆ, ನಾಳೆಯೇ ಹೊರಡುತ್ತೇನೆ ಎಂದರು. ಕೆಳಗಿನ ಕಾಡಿನಂಚಿನಲ್ಲಿ ಸಂಶಯದ ಒಂದು ಪೊದೆ ಇದೆ, ಅದರ ಮುಳ್ಳು ನೋಡಿದರೆ ಎಂದು ಶುರುಮಾಡಿದರು. ಅಮ್ಮನವರು ತಡೆದರು.

“ಬೇಡ. ಹುಡುಕಿದ್ರೆ ನಿಮಗೆ ಸಿಕ್ಕೇ ಸಿಗುತ್ತೆ, ನಿಮ್ಮ ಕಣ್ಣು ನಂಗೆ ಗೊತ್ತು. ಈ ಸಲದ್ದು ನೀವು ಹುಡುಕದೆ ಸಿಕ್ಕಿತ್ತು. ಅದು ಚೆನ್ನಾಗಿತ್ತು.”

ಹಾಳೆಗಳು ಸೋಮವಾರ ಹೋಗಲಿಲ್ಲ. ಪಾದ್ರಿಗಳು ಅವನ್ನು ಒಲೆಗೆ ಹಾಕಲು ಹೊರಟಾಗ ಅಮ್ಮನವರು ಒಂದನ್ನು ಎಳೆದಿಟ್ಟುಕೊಂಡರಂತೆ. ಶುಕ್ರವಾರ ಬೆಳಿಗ್ಗೆ ಪಾದ್ರಿಗಳು ನನ್ನ ಬೇಲಿಗೆ ಬಂದು ಮಂಡಿಯೂರಿ ನೋಡಿ ಹೋಗಿದ್ದರು. ಮೋಟಿನ ಕಡೆಯದು ಬಿಷಪ್ಪರದೇ. ಕಂಬದ ಕಡೆಯದು ಈ ಸೀಮೆಯ ಪ್ರತಿ ಬೇಲಿಯಲ್ಲೂ ಇರುವ, ಎಲ್ಲಕ್ಕಿಂತ ಸಾಮಾನ್ಯವಾದ ಹಂಬು.

ಇದೆಲ್ಲ ಊರಿಗೆ ಹೇಗೆ ಗೊತ್ತಾಯಿತು ಎಂದರೆ, ನನ್ನ ಹೆಂಡತಿಗೆ ನಾನು ಹೇಳಿದೆ. ಲ್ಯಾಟಿನ್ ಮಾತು, ಬೆರಕೆ, ಎಳೆಯ ಕಾಂಡ ಹಳೆಯ ಕಾಂಡ ಇವೆಲ್ಲ ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋದವು. ನನ್ನ ಗೇಟಿನ ಪಕ್ಕದ ಹಂಬಿಗೂ ಪಾದ್ರಿಗಳ ಹೆಂಡತಿಯ ಹೆಸರಿಗೂ ಏನೋ ಸಂಬಂಧ ಎನ್ನುವುದೊಂದು ಉಳಿಯಿತು. ಮುಂದಿನ ವರ್ಷ ಹಣ್ಣಿನ ಕಾಲಕ್ಕೆ ಬುಟ್ಟಿ ಹಿಡಿದು ಬಂದ ಹೆಂಗಸರು, ಹಾದಿಯ ಬೇಲಿ ಮುಗೀತು, ಇನ್ನು ಲವೀನಿಯಾ ಬಿಡಿಸೋಣ ಎಂದು ಮಾತಾಡಿಕೊಳ್ಳುವುದನ್ನು ಕೇಳಿದೆ. ಈಗ ನಮ್ಮಲ್ಲಿ ಎಲ್ಲರೂ ಹಾಗೇ ಅನ್ನುತ್ತಾರೆ. ಲವೀನಿಯಾ ಜಾಮ್ ಎಂದರೆ ಆ ಬೇಲಿಯದ್ದು, ಹುಳಿ ಸಿಹಿ ಎರಡೂ ಸೇರಿದ್ದು. ಬೇಲಿ ಕಡಿಯುವಾಗ ಆ ಒಂದು ಮಾರಿನಷ್ಟು ನಾನು ಬಿಡುತ್ತೇನೆ. ಡಾಕ್ಟರು ಈಗಲೂ ಮುಳ್ಳುಹಂಬು ಒಂದೇ ಎನ್ನುತ್ತಾರೆ, ಆದರೆ ಅಲ್ಲಿ ಹಣ್ಣು ತಿನ್ನುವಾಗ ಕಂಬದ ಕಡೆಯಿಂದಲೇ ಕಿತ್ತುಕೊಳ್ಳುತ್ತಾರೆ.

ಹೋದ ಸೆಪ್ಟೆಂಬರಿನಲ್ಲಿ ಪಾದ್ರಿಗಳು ಮತ್ತು ಅಮ್ಮನವರು ಸಂಜೆ ತಿರುಗಾಡಲು ಆ ಕಡೆ ಬಂದಿದ್ದರು. ಗಿರಣಿಯ ಮುದುಕಿ ಸ್ಕಿರ್ಮ್ ಅಜ್ಜಿ ಬುಟ್ಟಿ ತುಂಬಿಕೊಂಡು ಕೂತಿದ್ದಳು. ಪಾದ್ರಿಗಳನ್ನು ಕಂಡು, “ಏನು ಸ್ವಾಮಿ, ಈ ವರ್ಷ ಲವೀನಿಯಾ ಚೆನ್ನಾಗಿ ಬಂದಿದೆ. ಮುಳ್ಳು ಕೊಂಚ ಜಾಸ್ತಿ,” ಎಂದಳು.

ಪಾದ್ರಿಗಳು ನಿಂತರು. ಬೆರಳು ಎತ್ತಿದರು. ಇದು ಒಂದಲ್ಲ ಎಂದು ಹೇಳಲು ಅವರ ಬಾಯಿ ತೆರೆದದ್ದು ನನಗೆ ಗೇಟಿನಿಂದಲೇ ಕಾಣಿಸಿತು. ಅಮ್ಮನವರು ಪಕ್ಕದಲ್ಲಿ ನಿಂತು, ಬೇರೆ ಯಾವ ಕಡೆಯೂ ನೋಡದೆ, ಗಂಡನ ಮುಖವನ್ನೇ ನೋಡುತ್ತಿದ್ದರು.

ಪಾದ್ರಿಗಳು ಬೆರಳು ಇಳಿಸಿದರು. ಹೌದಜ್ಜಿ, ಚೆನ್ನಾಗಿ ಬಂದಿದೆ ಎಂದರು. ಆಮೇಲೆ ಬೇಲಿಗೆ ಕೈ ಚಾಚಿ, ಕಂಬದ ಕಡೆಯದೊಂದು, ಮೋಟಿನ ಕಡೆಯದೊಂದು ಹಣ್ಣು ಕಿತ್ತು, ಎರಡನ್ನೂ ಒಂದೇ ಸಲ ಬಾಯಿಗೆ ಹಾಕಿಕೊಂಡರು. ಹುಳಿಗೆ ಅವರ ಒಂದು ಕಣ್ಣು ಮುಚ್ಚಿತು.